ಕಲ್ಲಿನೊಡನೆ ಬರುವ ಚೀಟಿ

ಕಲ್ಲು ಎಂಬ ಮಾತನ್ನು ನಾವು ಬಹುಮಟ್ಟಿಗೆ ಬೆಲೆಯಿಲ್ಲದ ವಸ್ತು ಎಂಬ ಅರ್ಥದಲ್ಲಿಯೇ ಬಳಸುತ್ತೇವೆ. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಆರಿಸಿ ಎಸೆಯುತ್ತೇವೆ. ದಾರಿಯಲ್ಲಿ ಎಡವಿದರೆ ಅದನ್ನು ಶಪಿಸಿ ಮುಂದೆ ಹೋಗುತ್ತೇವೆ. ಆದರೆ ಅದೇ ಕಲ್ಲನ್ನು ಬಾಗಿ ಎತ್ತಿಕೊಂಡು, ಮಣ್ಣು ತೊಳೆದು, ಬೆಳಕಿಗೆ ಹಿಡಿದು ನೋಡಿ, ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ಜನರೂ ಲೋಕದಲ್ಲಿ ಉಂಟು. ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರಂತೆ ಇವರು ಶಿಲೆಗಳನ್ನೂ ಖನಿಜಗಳನ್ನೂ ಸಂಗ್ರಹಿಸುತ್ತಾರೆ. ತಮ್ಮಲ್ಲಿ ಹೆಚ್ಚಾಗಿರುವುದನ್ನು ಕೊಟ್ಟು ಇಲ್ಲದುದನ್ನು ಪಡೆಯುತ್ತಾರೆ. ಕೆಲವೊಮ್ಮೆ ಮಾರುತ್ತಾರೆ, ಕೆಲವೊಮ್ಮೆ ಕೊಳ್ಳುತ್ತಾರೆ. ಈ ಕೊಡುಕೊಳ್ಳುವಿಕೆ ನ್ಯಾಯವಾಗಿ ನಡೆಯಬೇಕಾದರೆ ಏನೇನು ಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಒಂದು ಕಲ್ಲಿಗೆ ಇನ್ನೊಬ್ಬರು ಬೆಲೆ ಕೊಡಲು ಕಾರಣವೇನು? ಭೂಮಿಯ ಎಲ್ಲ ಕಡೆಯೂ ಎಲ್ಲ ಖನಿಜಗಳೂ ದೊರೆಯುವುದಿಲ್ಲ. ನಮ್ಮ ದಖ್ಖನ್ ಪ್ರಸ್ಥಭೂಮಿಯ ಬಹುಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸದಿಂದ ಆದುದು. ಮಹಾರಾಷ್ಟ್ರದ ಬಹುಪಾಲು ಪ್ರದೇಶವೂ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿನೆಲವೂ ಈ ಲಾವಾ ಹರಹಿಗೆ ಸೇರಿದವು. ಲಾವಾರಸ ಆರುವಾಗ ಅದರೊಳಗಿನ ಅನಿಲಗಳು ಗುಳ್ಳೆಗಳಾಗಿ ನಿಂತು, ಕಲ್ಲಿನಲ್ಲಿ ಪೊಳ್ಳುಗಳು ಉಳಿದವು. ಮುಂದೆ ಬಹುಕಾಲದವರೆಗೆ ಖನಿಜಾಂಶಗಳಿಂದ ಕೂಡಿದ ನೀರು ಈ ಪೊಳ್ಳುಗಳಲ್ಲಿ ಹರಿದಾಡಿ, ಸ್ಟಿಲ್ಬೈಟ್, ಅಪೊಫಿಲೈಟ್ ಮುಂತಾದ ಸುಂದರ ಹರಳುಗಳು ಬೆಳೆದವು. ಪುಣೆ, ನಾಸಿಕ, ಜಳಗಾಂವ್ ಜಿಲ್ಲೆಗಳ ಕಲ್ಲುಗಣಿಗಳಲ್ಲಿ ದೊರೆತ ಇಂಥ ಹರಳುಗಳು ಇಂದು ಪ್ರಪಂಚದ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಇವೆ.

ಹೀಗೆ ಒಂದು ನಾಡಿನಲ್ಲಿ ಸುಲಭವಾದುದು ಮತ್ತೊಂದು ನಾಡಿನಲ್ಲಿ ದುರ್ಲಭ. ಪುಣೆಯ ಸಂಗ್ರಾಹಕನ ಬಳಿ ಹತ್ತು ಸ್ಟಿಲ್ಬೈಟುಗಳು ಇರಬಹುದು. ಅಮೆರಿಕೆಯ ಆರೆಗಾನ್ ಪ್ರಾಂತದ ಸಂಗ್ರಾಹಕನ ಬಳಿ ಬಣ್ಣಬಣ್ಣದ ಪಟ್ಟೆಗಳುಳ್ಳ ಹತ್ತು ಅಗೇಟ್ ಕಲ್ಲುಗಳು ಇರಬಹುದು. ಒಂದೊಂದನ್ನು ಅವರು ಬದಲಾಯಿಸಿಕೊಂಡರೆ ಇಬ್ಬರಲ್ಲಿ ಯಾರಿಗೂ ನಷ್ಟವಿಲ್ಲ, ಇಬ್ಬರಿಗೂ ಲಾಭವೇ. ಒಳ್ಳೆಯ ವಿನಿಮಯದ ಲಕ್ಷಣವೇ ಇದು. 1955ರಲ್ಲಿ ಅಮೆರಿಕೆಯ ಟೂಸಾನ್ ನಗರದ ಹವ್ಯಾಸಿಗಳು ಒಂದು ಪ್ರಾಥಮಿಕ ಶಾಲೆಯಲ್ಲಿ ತಮ್ಮ ಕಲ್ಲುಗಳ ಪ್ರದರ್ಶನವನ್ನು ಏರ್ಪಡಿಸಿದರು. ಅದು ಬೆಳೆದು ಇಂದು ಲೋಕಪ್ರಸಿದ್ಧವಾದ ಜಾತ್ರೆಯಾಗಿದೆ. ಅಲ್ಲಿ ಕೊಳ್ಳುವವನು ಕಲ್ಲನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿ ಕೊಳ್ಳಬಹುದು. ಆದರೆ ಇಂದಿನ ದಿನಗಳಲ್ಲಿ ಈ ವ್ಯವಹಾರ ಹೆಚ್ಚಾಗಿ ನಡೆಯುವುದು ಅಂತರಜಾಲದ ಮೂಲಕ. ಕೊಡುವವನು ಒಂದು ಖಂಡದಲ್ಲಿ, ಕೊಳ್ಳುವವನು ಮತ್ತೊಂದು ಖಂಡದಲ್ಲಿ. ಕಲ್ಲು ಕೊಡುವವನ ಕಣ್ಣೆದುರಿಗೆ ಇದೆ. ಕೊಳ್ಳುವವನ ಎದುರಿಗೆ ಇರುವುದು ಒಂದು ಚಿತ್ರ ಮತ್ತು ನಾಲ್ಕು ಮಾತು ಮಾತ್ರ. ಆದುದರಿಂದ ಆ ನಾಲ್ಕು ಮಾತುಗಳು ಸತ್ಯವಾಗಿರಬೇಕಾದುದು ಅತ್ಯಗತ್ಯ.

ಆ ನಾಲ್ಕು ಮಾತುಗಳನ್ನು ಸಂಗ್ರಾಹಕರು ಒಂದು ಚಿಕ್ಕ ಚೀಟಿಯಲ್ಲಿ ಬರೆದು ಕಲ್ಲಿನೊಡನೆ ಇಡುತ್ತಾರೆ. ಖನಿಜದ ಹೆಸರು, ಅದು ದೊರೆತ ಗಣಿ ಅಥವಾ ಊರು, ಜಿಲ್ಲೆ, ದೇಶ, ದೊರೆತ ವರ್ಷ, ಅದನ್ನು ಎತ್ತಿದವನ ಅಥವಾ ಕೊಟ್ಟವನ ಹೆಸರು — ಇಷ್ಟು ಆ ಚೀಟಿಯಲ್ಲಿರಬೇಕು. ಇದರಲ್ಲಿ ಎಲ್ಲಕ್ಕಿಂತಲೂ ಮುಖ್ಯವಾದುದು ಕಲ್ಲಿನ ಹುಟ್ಟೂರು. ಖನಿಜದ ಹೆಸರು ತಪ್ಪಾಗಿದ್ದರೆ ಬಲ್ಲವರು ಪರೀಕ್ಷಿಸಿ ತಿದ್ದಬಹುದು. ಆದರೆ ಹುಟ್ಟೂರು ತಪ್ಪಿಹೋದರೆ ಅದನ್ನು ಕಲ್ಲಿನಿಂದಲೇ ಮತ್ತೆ ತಿಳಿಯುವುದು ಬಹುಮಟ್ಟಿಗೆ ಅಸಾಧ್ಯ. ಹುಟ್ಟೂರು ತಿಳಿಯದ ಕಲ್ಲು ಚೆಲುವಾಗಿರಬಹುದು. ಆದರೆ ಅದು ಮೂಕವಾದ ಕಲ್ಲು. ಯಾವ ನೆಲದಲ್ಲಿ ಯಾವ ಖನಿಜವಿದೆ ಎಂಬುದನ್ನು ಅದು ಹೇಳಲಾರದು.

ಈ ಮಾತಿನ ಮಹತ್ವವನ್ನು ತಿಳಿಯಲು ಇಂಗ್ಲೆಂಡಿನ ಇಬ್ಬರು ಸಂಗ್ರಾಹಕರ ಕಥೆಯನ್ನು ನೋಡಬಹುದು. ಸರ್ ಆರ್ಥರ್ ರಸೆಲ್ (1878–1964) ಅವರು ಬಾಲ್ಯದಿಂದಲೇ ಖನಿಜಗಳಲ್ಲಿ ಆಸಕ್ತಿ ತಳೆದವರು. ಬ್ರಿಟನ್ನಿನ ಗಣಿಗಳನ್ನು ತಾವೇ ಸುತ್ತಿ, ಹಳೆಯ ಸಂಗ್ರಹಗಳು ಚದುರಿಹೋಗದಂತೆ ಕೊಂಡು ಉಳಿಸಿ, ಪ್ರತಿಯೊಂದು ಕಲ್ಲಿನ ಪೂರ್ವೋತ್ತರವನ್ನೂ ಜೋಪಾನವಾಗಿ ಬರೆದಿಟ್ಟರು. ಅವರ ತರುವಾಯ ಸುಮಾರು 12,000 ಮಾದರಿಗಳ ಆ ಸಂಗ್ರಹ ಲಂಡನ್ನಿನ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯವನ್ನು ಸೇರಿತು. ಇಂದಿಗೂ ವಿದ್ವಾಂಸರು ಆ ಚೀಟಿಗಳನ್ನು ಆಧಾರವಾಗಿ ಬಳಸುತ್ತಾರೆ.

ಎರಡನೆಯವರು ಆರ್ಥರ್ ಕಿಂಗ್ಸ್‌ಬರಿ (1906–1968). ಇವರೂ ಖನಿಜಗಳನ್ನು ಬಲ್ಲವರೆಂದು ಹೆಸರಾಗಿದ್ದರು. ಇವರ ಸಂಗ್ರಹವೂ ಅದೇ ವಸ್ತುಸಂಗ್ರಹಾಲಯವನ್ನು ಸೇರಿತು. ಬ್ರಿಟನ್ನಿನಲ್ಲಿ ಹಿಂದೆ ಯಾರೂ ಕಾಣದ ಎಷ್ಟೋ ಖನಿಜಗಳನ್ನು ತಾವು ಅಲ್ಲಲ್ಲಿ ಕಂಡುಹಿಡಿದುದಾಗಿ ಅವರು ಪ್ರಕಟಿಸಿದ್ದರು. ಅವರು ತೀರಿಕೊಂಡ ಬಹಳ ವರ್ಷಗಳ ಮೇಲೆ ವಿದ್ವಾಂಸರು ಆ ಮಾದರಿಗಳನ್ನು ಮತ್ತೊಮ್ಮೆ ಪರೀಕ್ಷಿಸಿದರು. ಪರಿಶೀಲನೆಯ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಅನೇಕ ಕಲ್ಲುಗಳು ಚೀಟಿಯಲ್ಲಿ ಬರೆದ ಸ್ಥಳದವಲ್ಲವೆಂದೂ, ಬೇರೆ ದೇಶಗಳ ಅಥವಾ ಹಳೆಯ ಸಂಗ್ರಹಗಳ ಕಲ್ಲುಗಳಿಗೆ ಸುಳ್ಳು ಹುಟ್ಟೂರನ್ನು ಅಂಟಿಸಲಾಗಿತ್ತೆಂದೂ ಬೆಳಕಿಗೆ ಬಂದಿತು. ಇದರಿಂದಾದ ಹಾನಿಯನ್ನು ಯೋಚಿಸಿ. ಕೆಲವು ಚೀಟಿಗಳು ಸುಳ್ಳಾದುದರಿಂದ ಅವರ ಉಳಿದ ಚೀಟಿಗಳೂ ಸಂದೇಹಕ್ಕೆ ಒಳಗಾದವು. ನಿಜವಾಗಿ ಕಂಡುಹಿಡಿದುದು ಯಾವುದು, ಕಟ್ಟಿಹೇಳಿದುದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಯಿತು. ಒಂದು ಕೊಡ ಹಾಲಿಗೆ ಒಂದು ತೊಟ್ಟು ಹುಳಿ ಸಾಕು ಎಂಬುದು ಇಂಥ ಸಂದರ್ಭಕ್ಕೆ ಒಪ್ಪುವ ಮಾತು. ಆದುದರಿಂದ ಕಲ್ಲು ಎಲ್ಲಿಯದೆಂದು ಗೊತ್ತಿಲ್ಲದಿದ್ದರೆ ಚೀಟಿಯಲ್ಲಿ 'ಸ್ಥಳ ತಿಳಿಯದು' ಎಂದೇ ಬರೆಯಬೇಕು. ಊಹೆಯಾಗಿದ್ದರೆ ಊಹೆಯೆಂದು ತಿಳಿಸಬೇಕು. ಹಾಗೆ ಬರೆದರೆ ಬೆಲೆ ಕಡಿಮೆಯಾಗಬಹುದು; ಬರೆದವನ ಮಾತಿನ ಬೆಲೆ ಕಡಿಮೆಯಾಗುವುದಿಲ್ಲ.

ಹುಟ್ಟೂರಿನಂತೆಯೇ ಕಲ್ಲಿನ ಮೇಲೆ ಮನುಷ್ಯನ ಕೈ ಆಡಿದೆಯೇ ಎಂಬುದನ್ನೂ ತಿಳಿಸುವುದು ಮಾರುವವನ ಕರ್ತವ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕಲ್ಲುಗಳ ವಿಷಯದಲ್ಲಿ ಅಕ್ಷರಶಃ ನಿಜ. ಅಮೆಥಿಸ್ಟ್ ಎಂಬುದು ನೇರಳೆ ಬಣ್ಣದ ಬೆಣಚುಕಲ್ಲಿನ ಹರಳು. ಅದನ್ನು 400 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚಿನ ಶಾಖದಲ್ಲಿ ಕಾಯಿಸಿದರೆ ಅನೇಕ ವೇಳೆ ನೇರಳೆ ಹೋಗಿ ಹಳದಿ ಅಥವಾ ಕಂದು ಬಣ್ಣ ಬರುತ್ತದೆ. ಹಳದಿ ಬಣ್ಣದ ಬೆಣಚಿಗೆ ಸಿಟ್ರಿನ್ ಎಂದು ಹೆಸರು. ನೆಲದಲ್ಲಿಯೇ ಹಳದಿಯಾದ ಸಿಟ್ರಿನ್ ವಿರಳ. ಅಂಗಡಿಗಳಲ್ಲಿ ಕಾಣುವುದರಲ್ಲಿ ಬಹುಪಾಲು ಕಾಯಿಸಿದ ಅಮೆಥಿಸ್ಟ್. ಜರ್ಮನಿಯ ಈಡರ್-ಓಬರ್‌ಸ್ಟೈನ್ ಪಟ್ಟಣದ ಕುಶಲಕರ್ಮಿಗಳು 19ನೆಯ ಶತಮಾನದಲ್ಲಿಯೇ ಅಗೇಟ್ ಕಲ್ಲಿಗೆ ಬಣ್ಣ ಕಟ್ಟುವುದರಲ್ಲಿ ಪ್ರವೀಣರಾಗಿದ್ದರು. ಅಗೇಟಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳಿರುವುದರಿಂದ ಅದು ಬಣ್ಣವನ್ನು ಹೀರಿಕೊಳ್ಳುತ್ತದೆ. ಇನ್ನು ನಮ್ಮ ಅಡಿಕೆ ತೋಟಗಳಲ್ಲಿ ಔಷಧ ಸಿಂಪಡಿಸಲು ಬಳಸುವ ಮೈಲುತುತ್ತವನ್ನು ಬಿಸಿನೀರಿನಲ್ಲಿ ಕರಗಿಸಿ ಆರಲು ಬಿಟ್ಟರೆ ಕಡುನೀಲಿ ಹರಳುಗಳು ಬೆಳೆಯುತ್ತವೆ. ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಇದನ್ನು ಮಾಡಿ ನೋಡಬಹುದು. ಇಂಥ ಹರಳುಗಳನ್ನು ಸಾಧಾರಣ ಕಲ್ಲಿನ ಮೇಲೆ ಬೆಳೆಸಿ, ಗಣಿಯಿಂದ ಬಂದುದೆಂದು ಮಾರುವವರೂ ಇದ್ದಾರೆ.

ಕಾಯಿಸುವುದಾಗಲಿ, ಬಣ್ಣ ಕಟ್ಟುವುದಾಗಲಿ, ಹರಳು ಬೆಳೆಸುವುದಾಗಲಿ ಅಪರಾಧವಲ್ಲ. ಅವು ಒಂದೊಂದು ಕುಶಲವಿದ್ಯೆಗಳೇ ಸರಿ. ಅವನ್ನು ಮರೆಮಾಚಿ ಮಾರುವುದು ಮೋಸ. ಮುರಿದ ಹರಳನ್ನು ಅಂಟಿನಿಂದ ಕೂಡಿಸಿದ್ದರೆ 'ಅಂಟಿಸಲಾಗಿದೆ' ಎಂದು ಒಂದು ಮಾತು ಬರೆದರಾಯಿತು. ಆ ಒಂದು ಮಾತನ್ನು ನುಂಗಿದವನು ಕೊಳ್ಳುವವನ ಹಣವನ್ನು ಮಾತ್ರವಲ್ಲ, ಅವನ ನಂಬಿಕೆಯನ್ನೂ ಕದ್ದಂತೆ.

ಕೊಳ್ಳುವವನಿಗೂ ತನ್ನದೇ ಆದ ಹೊಣೆಯಿದೆ. ಕಣ್ಣುಮುಚ್ಚಿ ನಂಬಿ, ಅನಂತರ ಗೋಳಾಡುವುದು ಜಾಣತನವಲ್ಲ. ಖನಿಜಗಳನ್ನು ಗುರುತಿಸುವ ಸುಲಭ ಪರೀಕ್ಷೆಗಳನ್ನು ಅವನು ಕಲಿತಿರಬೇಕು. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ವಿಜ್ಞಾನಿ ಹತ್ತು ಖನಿಜಗಳನ್ನು ಮೆದುವಿನಿಂದ ಗಡುಸಿನವರೆಗೆ ಸಾಲಾಗಿ ಜೋಡಿಸಿದರು. ಕ್ಯಾಲ್ಸೈಟಿಗೆ 3, ಬೆಣಚಿಗೆ 7, ವಜ್ರಕ್ಕೆ 10. ಗಾಜಿನ ಗಡಸುತನ ಸುಮಾರು 5.5. ಆದುದರಿಂದ ಬೆಣಚು ಗಾಜನ್ನು ಗೀರುತ್ತದೆ, ಕ್ಯಾಲ್ಸೈಟ್ ಗೀರಲಾರದು. ಮತ್ತೊಂದು ಪರೀಕ್ಷೆ ಗೆರೆಯದು. ಬಳ್ಳಾರಿ ಸೀಮೆಯ ಸಂಡೂರಿನ ಹೆಮಟೈಟ್ ಅದಿರು ನೋಡಲು ಕಪ್ಪಾಗಿರಬಹುದು. ಆದರೆ ಹೊಳಪು ಲೇಪವಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಕೆಂಪು ಛಾಯೆಯ ಗೆರೆ ಬೀಳುತ್ತದೆ. ಅದೇ ಕಪ್ಪು ಬಣ್ಣದ ಮ್ಯಾಗ್ನೆಟೈಟ್ ಕಪ್ಪು ಗೆರೆಯನ್ನೇ ಎಳೆಯುತ್ತದೆ. ಕೈಗೆ ಬಂದ ಕಲ್ಲನ್ನು ಹೀಗೆ ಪರೀಕ್ಷಿಸಿ ನೋಡಬಹುದು. ಆದರೆ ಹಿಂದಿರುಗಿಸಬೇಕಾಗಬಹುದಾದ ಹರಳನ್ನು ಗೀರಿ ಕೆಡಿಸಬಾರದು. ಸಂದೇಹವಿದ್ದರೆ ಕೊಳ್ಳುವುದಕ್ಕೆ ಮೊದಲೇ ಪ್ರಶ್ನೆ ಕೇಳಬೇಕು. ಪ್ರಾಮಾಣಿಕನಾದ ಮಾರಾಟಗಾರ ಪ್ರಶ್ನೆಗೆ ಸಿಡುಕುವುದಿಲ್ಲ.

ಚಿತ್ರವೂ ಒಂದು ಬಗೆಯ ಮಾತೇ. ಕಲ್ಲನ್ನು ನೀರಿನಲ್ಲಿ ನೆನೆಸಿ ಚಿತ್ರ ತೆಗೆದರೆ ಬಣ್ಣ ಗಾಢವಾಗಿ ಕಾಣುತ್ತದೆ. ಹಿಂದಿನಿಂದ ದೀಪ ಹಿಡಿದರೆ ಮಬ್ಬಾದ ಹರಳೂ ಬೆಳಗುತ್ತದೆ. ಹತ್ತಿರದಿಂದ ತೆಗೆದರೆ ಹುಣಸೆಬೀಜದಷ್ಟು ಹರಳು ತೆಂಗಿನಕಾಯಿಯಷ್ಟು ತೋರುತ್ತದೆ. ನ್ಯಾಯವಂತನಾದವನು ಒಣಗಿದ ಕಲ್ಲನ್ನು ಹಗಲ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆಯುತ್ತಾನೆ. ಉದ್ದ, ಅಗಲ, ಎತ್ತರಗಳನ್ನು ಮಿಲಿಮೀಟರುಗಳಲ್ಲಿಯೂ ತೂಕವನ್ನು ಗ್ರಾಮುಗಳಲ್ಲಿಯೂ ತಿಳಿಸುತ್ತಾನೆ. ಒಳ್ಳೆಯ ಮುಖವನ್ನು ತೋರಿಸುವಂತೆಯೇ ಮುಕ್ಕಾದ ಮುಖವನ್ನೂ ತೋರಿಸುತ್ತಾನೆ.

ಇನ್ನು ಬೆಲೆಯ ಪ್ರಶ್ನೆ. ಅಕ್ಕಿ, ಬೇಳೆಗಳಿಗಿರುವಂತೆ ಕಲ್ಲಿಗೆ ಗೊತ್ತಾದ ಧಾರಣೆಯಿಲ್ಲ. ಗಾತ್ರ, ಚೆಲುವು, ಅಪೂರ್ವತೆ, ಊನವಿಲ್ಲದಿರುವಿಕೆ, ನಂಬಲರ್ಹವಾದ ಚೀಟಿ ಇವೆಲ್ಲವೂ ಸೇರಿ ಬೆಲೆಯನ್ನು ನಿರ್ಧರಿಸುತ್ತವೆ. ಮಾರುವವರು ಎಷ್ಟು ಕೇಳುತ್ತಿದ್ದಾರೆ ಎಂಬುದಕ್ಕಿಂತ, ಅಂಥದೇ ಕಲ್ಲು ಈ ಮೊದಲು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂಬುದನ್ನು ನೋಡುವುದು ಸರಿಯಾದ ಮಾರ್ಗ. ಚೌಕಾಸಿ ಮಾಡುವುದು ತಪ್ಪಲ್ಲ. ಒಪ್ಪಿದ ಮೇಲೆ ಮಾತು ತಪ್ಪುವುದು ತಪ್ಪು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಹಿರಿಯ ಸಂಗ್ರಾಹಕನೊಬ್ಬ ತೀರಿಕೊಂಡನೆಂದು ಭಾವಿಸೋಣ. ಕಲ್ಲುಗಳ ಪರಿಚಯವಿಲ್ಲದ ಅವನ ಮನೆಯವರು ಪೆಟ್ಟಿಗೆಗಳನ್ನು ಸಿಕ್ಕಿದ ಬೆಲೆಗೆ ಮಾರಲು ಸಿದ್ಧರಿದ್ದಾರೆ. ಅದರಲ್ಲಿ ಬಹಳ ಬೆಲೆಯ ಹರಳೊಂದು ಇರುವುದು ನಿಮ್ಮ ಕಣ್ಣಿಗೆ ಬಿತ್ತು. ನೀವು ಸುಮ್ಮನೆ ಕೊಂಡು ಬರುವಿರೋ, ಇಲ್ಲವೆ ಅದರ ಬೆಲೆಯನ್ನು ಅವರಿಗೆ ತಿಳಿಸುವಿರೋ? ಬಲ್ಲವನು ಬಲ್ಲವನೊಡನೆ ವ್ಯವಹರಿಸುವಾಗ ತನ್ನ ಜಾಣ್ಮೆಯಿಂದ ಲಾಭ ಪಡೆದರೆ ಯಾರೂ ದೂರುವುದಿಲ್ಲ. ಆ ಜಾಣ್ಮೆ ಅವನ ದುಡಿಮೆಯ ಫಲ. ಆದರೆ ಎದುರಿಗಿರುವವರು ನಮ್ಮನ್ನೇ ನಂಬಿ 'ಇದಕ್ಕೆ ಎಷ್ಟಾಗಬಹುದು?' ಎಂದು ಕೇಳಿದಾಗ ಸುಳ್ಳು ಹೇಳುವುದು ವ್ಯಾಪಾರವಲ್ಲ, ವಂಚನೆ. ಮಕ್ಕಳೊಡನೆ ಮತ್ತು ಹೊಸಬರೊಡನೆ ವಿನಿಮಯ ಮಾಡುವಾಗಲೂ ಇದೇ ನಿಯಮ. ದುರ್ಬಲನ ಅಜ್ಞಾನ ಬಲ್ಲವನ ಬಂಡವಾಳವಾಗಬಾರದು.

ಈ ನ್ಯಾಯ ಗಣಿಯಲ್ಲಿ ದುಡಿಯುವವನಿಗೂ ಸಲ್ಲಬೇಕು. ಕ್ಯಾವನ್‌ಸೈಟ್ ಎಂಬ ಅಪೂರ್ವ ಖನಿಜವನ್ನು ಮೊದಲು ಕಂಡುದು ಅಮೆರಿಕೆಯ ಆರೆಗಾನ್ ಪ್ರಾಂತದಲ್ಲಿ. ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾ ಇವು ಅದರಲ್ಲಿರುವುದರಿಂದ ಆ ಹೆಸರು ಬಂದಿತು. ಮುಂದೆ ಪುಣೆಯ ಬಳಿಯ ವಾಘೋಲಿಯ ಕಲ್ಲುಗಣಿಗಳಲ್ಲಿ ಅದರ ಕಡುನೀಲಿ ಹರಳುಗೊಂಚಲುಗಳು ದೊರೆತು ಲೋಕಪ್ರಸಿದ್ಧವಾದವು. ಆ ಗಣಿಗಳು ಇರುವುದು ರಸ್ತೆ, ಕಟ್ಟಡಗಳಿಗೆ ಜಲ್ಲಿ ಒದಗಿಸುವುದಕ್ಕಾಗಿ. ಬಂಡೆಯ ಪೊಳ್ಳಿನಲ್ಲಿ ಹರಳನ್ನು ಕಂಡು, ಪೆಟ್ಟು ತಾಗದಂತೆ ಬಿಡಿಸಿ ತೆಗೆಯಲು ಶ್ರಮವೂ ನೈಪುಣ್ಯವೂ ಬೇಕು. ಹಾಗೆ ಯಾರೂ ತೆಗೆಯದಿದ್ದರೆ ಆ ಹರಳು ಜಲ್ಲಿಯೊಡನೆ ಪುಡಿಯಾಗುತ್ತದೆ. ಹರಳು ಕೈಯಿಂದ ಕೈಗೆ ಹೋದಂತೆ ಬೆಲೆ ಏರುತ್ತ ಹೋಗುತ್ತದೆ. ಮೊದಲ ಕೈಗೆ ತಕ್ಕ ಪಾಲು ದೊರೆಯದಿದ್ದರೆ ಮುಂದಿನ ಕೈಗಳೆಲ್ಲ ಎಷ್ಟೇ ಸತ್ಯವಾಗಿ ನಡೆದುಕೊಂಡರೂ ಆ ವ್ಯಾಪಾರವನ್ನು ಪೂರ್ಣವಾಗಿ ನ್ಯಾಯವೆನ್ನಲಾಗದು.

ಕೊನೆಯದಾಗಿ, ಮಾರುವುದಕ್ಕೆ ಮೊದಲು ಕಲ್ಲನ್ನು ಎತ್ತುವ ಹಕ್ಕು ನಮಗಿದೆಯೇ ಎಂದು ಕೇಳಿಕೊಳ್ಳಬೇಕು. ಇತರರ ಜಮೀನಿನಲ್ಲಿ ಒಡೆಯನ ಅಪ್ಪಣೆಯಿಲ್ಲದೆ ಎತ್ತಬಾರದು. ಉಡುಪಿ ಜಿಲ್ಲೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಶಿಲೆ, ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅವುಗಳಿಂದ ಒಂದು ಚೂರನ್ನೂ ತೆಗೆಯಬಾರದು. ಯಾದಗಿರಿ ಜಿಲ್ಲೆಯ ಹುಣಸಗಿ ಪ್ರದೇಶದಲ್ಲಿ ಆದಿಮಾನವನು ಮಾಡಿದ ಕಲ್ಲಿನ ಕೈಗೊಡಲಿಗಳು ದೊರೆತಿವೆ. ಅವು ಸಂಗ್ರಾಹಕನ ಸರಕಲ್ಲ. ಪ್ರಾಚೀನ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯಿದೆಯ ಕಟ್ಟುಪಾಡು ಇದೆ. ಅಂಥದು ಕಣ್ಣಿಗೆ ಬಿದ್ದರೆ ಇದ್ದಲ್ಲಿಯೇ ಬಿಟ್ಟು, ಪ್ರಾಚ್ಯವಸ್ತು ಇಲಾಖೆಗೆ ತಿಳಿಸುವುದು ಉಚಿತ.

ಹಾಗೆ ಮಾಡದಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕೆಯ ಅರಿಜೋನ ಪ್ರಾಂತದ ಶಿಲೀಭೂತ ಅರಣ್ಯ ರಾಷ್ಟ್ರೀಯೋದ್ಯಾನ ಒಂದು ನಿದರ್ಶನ. ಅಲ್ಲಿ 20 ಕೋಟಿ ವರ್ಷಗಳಿಗೂ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ. ನೋಡಲು ಬಂದ ಕೆಲವರು ಗುಟ್ಟಾಗಿ ಚೂರುಗಳನ್ನು ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮುಂದೆ ಪಶ್ಚಾತ್ತಾಪಪಟ್ಟು, ಕ್ಷಮಾಪಣೆಯ ಪತ್ರದೊಡನೆ ಆ ಚೂರುಗಳನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದಾರೆ. ಆದರೆ ಆ ಚೂರುಗಳನ್ನು ಮತ್ತೆ ಕಾಡಿನಲ್ಲಿ ಇಡುವಂತಿಲ್ಲ. ಅವು ಸರಿಯಾಗಿ ಎಲ್ಲಿದ್ದವು ಎಂಬುದು ಯಾರಿಗೂ ತಿಳಿಯದು. ತಿಳಿಯದೆ ಇಟ್ಟರೆ ನೆಲದ ಇತಿಹಾಸವೇ ಸುಳ್ಳಾಗುತ್ತದೆ. ಆದುದರಿಂದ ಅವನ್ನೆಲ್ಲ ಒಂದು ಕಡೆ ರಾಶಿ ಹಾಕಲಾಗಿದೆ. ಜನರು ಅದನ್ನು 'ಮನಸ್ಸಾಕ್ಷಿಯ ರಾಶಿ' ಎಂದು ಕರೆಯುತ್ತಾರೆ. ಕಲ್ಲು ಹಿಂದಿರುಗಿತು, ಅದರ ಚೀಟಿ ಹಿಂದಿರುಗಲಿಲ್ಲ.

ವ್ಯವಹಾರ ಮುಗಿದ ಮೇಲೂ ಕೆಲವು ಕರ್ತವ್ಯಗಳು ಉಳಿಯುತ್ತವೆ. ಪ್ರತಿಯೊಂದು ಹರಳನ್ನೂ ಬೇರೆ ಬೇರೆಯಾಗಿ ಮೆತ್ತನೆಯ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯನ್ನು ಅಲುಗಿಸಿದರೆ ಸದ್ದಾಗದಂತೆ ತುಂಬಬೇಕು. ಚೀಟಿಯನ್ನು ಮರೆಯದೆ ಜೊತೆಗಿಡಬೇಕು. ವಿಷಕಾರಿಯಾದ ಅಥವಾ ವಿಕಿರಣ ಸೂಸುವ ಖನಿಜವಾಗಿದ್ದರೆ ಆ ಸಂಗತಿಯನ್ನು ಮೊದಲೇ ತಿಳಿಸಿ, ಕಾಯಿದೆ ಒಪ್ಪಿದರೆ ಮಾತ್ರ ಕಳಿಸಬೇಕು. ತಲಪಿದ ಕಲ್ಲು ಹೇಳಿದಂತಿಲ್ಲದಿದ್ದರೆ ಕೊಂಡವನು ಸೌಜನ್ಯದಿಂದ ತಿಳಿಸಬೇಕು. ಮಾರಿದವನು ವಾದ ಬೆಳೆಸದೆ ಕಲ್ಲನ್ನು ಹಿಂದಕ್ಕೆ ಪಡೆದು ಹಣವನ್ನು ಮರಳಿಸಬೇಕು. ಅರಿಯದೆ ಆದ ತಪ್ಪನ್ನು ಒಪ್ಪಿಕೊಂಡವನಿಗೆ ಯಾರೂ ಕಳ್ಳನೆನ್ನುವುದಿಲ್ಲ.

ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲು ನಮ್ಮ ಕೈಯಲ್ಲಿ ಇರುವುದು ಕೆಲವೇ ವರ್ಷ. ಅನಂತರ ಅದು ಮತ್ತೊಬ್ಬರ ಕೈಗೆ ಹೋಗುತ್ತದೆ. ನಾವು ಅದರ ಒಡೆಯರು ಎನ್ನುವುದಕ್ಕಿಂತ ಕಾವಲುಗಾರರು ಎನ್ನುವುದೇ ಸರಿ. ಅದರೊಡನೆ ನಾವು ಇಟ್ಟುಹೋಗುವ ಚೀಟಿಯನ್ನು, ನಮ್ಮನ್ನು ಎಂದೂ ಕಾಣದ ಯಾರೋ ಒಬ್ಬರು ಮುಂದೊಂದು ದಿನ ಓದಿ ನಂಬುತ್ತಾರೆ. ಆ ನಂಬಿಕೆಗೆ ಅರ್ಹವಾಗುವಂತೆ ಚೀಟಿಯನ್ನು ಬರೆಯುವುದೇ ಸಂಗ್ರಾಹಕನ ಧರ್ಮ.